ಗ್ರ್ಯಾಂಬ್ಲಿಂಗ್ ಬಿಟ್ಟು ಎಲ್ಲಿಗೂ ಹೋಗದ ಕೋಚ್

ಅಮೆರಿಕದ ಕಾಲೇಜು ಫುಟ್‌ಬಾಲ್ ಕೋಚ್‌ಗಳು ಸಂಬಳ ಹೆಚ್ಚಾದಲ್ಲಿಗೆ ಕಾಲೇಜು ಬದಲಾಯಿಸುತ್ತಲೇ ಇರುತ್ತಾರೆ, ಸಣ್ಣ ಕಾಲೇಜೊಂದರಲ್ಲೇ ಉಳಿದು ಹೆಸರು ಮಾಡಿದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದ್ದೀರಿ.

ಎಡ್ಡಿ ರಾಬಿನ್ಸನ್ ಇದ್ದರು. 1941ರಲ್ಲಿ ಲೂಸಿಯಾನಾ ರಾಜ್ಯದ ಗ್ರ್ಯಾಂಬ್ಲಿಂಗ್ ಎಂಬ ಪುಟ್ಟ ಊರಿನ ಕಾಲೇಜಿಗೆ ಸೇರಿದವರು 1997ರಲ್ಲಿ ನಿವೃತ್ತರಾಗುವವರೆಗೂ ಅಲ್ಲೇ ಇದ್ದರು. 408 ಗೆಲುವು, 165 ಸೋಲು, 15 ಡ್ರಾ. ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು. ಅಮೆರಿಕದಲ್ಲಿರುವ ಮಗಳ ಮನೆಗೆ ಹೋದಾಗ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಈ ಅಮೆರಿಕನ್ ಫುಟ್‌ಬಾಲ್ ನೋಡಲು ಕಲಿತು, ಅಲ್ಲಿಂದ ಇವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಆ 408ಕ್ಕಿಂತ ನನ್ನ ಮನಸ್ಸಿಗೆ ನಾಟಿದ್ದು ಅವರ ಮೊದಲ ವರ್ಷಗಳು.

ತಂದೆ ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಿದ್ದವರು, ತಾಯಿ ಮನೆಗೆಲಸದವರು. ಡಿಗ್ರಿ ಮುಗಿದ ಮೇಲೆ ರಾಬಿನ್ಸನ್ ಬ್ಯಾಟನ್ ರೂಜ್ ನಗರದ ಪಶು ಆಹಾರದ ಗಿರಣಿಯೊಂದರಲ್ಲಿ ಕೂಲಿ ಮಾಡುತ್ತಿದ್ದರು. ಕಪ್ಪು ಜನರ ಮಕ್ಕಳಿಗೆಂದೇ ಹುಟ್ಟಿದ್ದ ಗ್ರ್ಯಾಂಬ್ಲಿಂಗ್ ಕಾಲೇಜು ಅವರನ್ನು ಕರೆದಾಗ ವಯಸ್ಸು 22. ಕೋಚ್ ಎಂಬುದು ಹೆಸರಿಗೆ. ಮೈದಾನದ ಹುಲ್ಲು ಕತ್ತರಿಸುವವರು, ಗೆರೆ ಎಳೆಯುವವರು, ಹುಡುಗರ ಕಾಲಿಗೆ ಪಟ್ಟಿ ಸುತ್ತುವವರು, ಪಂದ್ಯ ಮುಗಿದ ಮೇಲೆ ಪತ್ರಿಕೆಗೆ ವರದಿ ಬರೆದು ಕಳಿಸುವವರು ಎಲ್ಲ ಅವರೇ. ತಾಲ್ಲೂಕು ಮಟ್ಟದ ಕ್ರೀಡಾಕೂಟದ ಹಿಂದಿನ ರಾತ್ರಿ ಟಾರ್ಚ್ ಹಿಡಿದು ಸುಣ್ಣದ ಪುಡಿಯಲ್ಲಿ ಖೋಖೋ ಅಂಕಣ ಹಾಕಿದ ನನಗೆ ಅಷ್ಟು ಅರ್ಥವಾಗುತ್ತದೆ. ಆದರೆ ಹುಡುಗರನ್ನು ಬಸ್ಸಿನಲ್ಲಿ ಕರೆದೊಯ್ಯುವಾಗ ದಾರಿಯ ಹೋಟೆಲುಗಳು ಒಳಗೆ ಬಿಡುವುದಿಲ್ಲವೆಂದು ಸ್ಯಾಂಡ್‌ವಿಚ್ ಕಟ್ಟಿಕೊಂಡು ಹೊರಡುವ ಸ್ಥಿತಿ ನನಗೆ ಬಂದಿರಲಿಲ್ಲ.

ಮೊದಲ ಸೀಸನ್‌ನಲ್ಲಿ 3 ಗೆದ್ದು 5 ಸೋತರು. ಮರುವರ್ಷ ಆಡಿದ ಒಂಬತ್ತನ್ನೂ ಗೆದ್ದರು, ಎದುರಾಳಿಗೆ ಒಂದೇ ಒಂದು ಅಂಕ ಬಿಟ್ಟುಕೊಡಲಿಲ್ಲ. ಆಮೇಲೆ ಯುದ್ಧದಿಂದಾಗಿ ಎರಡು ವರ್ಷ ಕಾಲೇಜು ತಂಡವೇ ಇರಲಿಲ್ಲ. ಆಗ ಅದೇ ಊರಿನ ಹೈಸ್ಕೂಲ್ ಹುಡುಗರಿಗೆ ಕಲಿಸಿದರು. ಒಬ್ಬ ರೈತ ಹತ್ತಿ ಬಿಡಿಸಲು ಆಳಿಲ್ಲವೆಂದು ತನ್ನ ಮಕ್ಕಳನ್ನು ಆಟದಿಂದ ಬಿಡಿಸಿದಾಗ ರಾಬಿನ್ಸನ್ ಇಡೀ ತಂಡವನ್ನೇ ಹೊಲಕ್ಕೆ ಕರೆದೊಯ್ದರು. ಎಲ್ಲರೂ ಸೇರಿ ಹತ್ತಿ ಬಿಡಿಸಿಕೊಟ್ಟು ಹುಡುಗರನ್ನು ವಾಪಸ್ ಕರೆತಂದರು. ಇಂಥ ಮೇಷ್ಟ್ರುಗಳು ನಮ್ಮ ಊರುಗಳಲ್ಲೂ ಇದ್ದರು, ಅವರ ಹೆಸರು ಎಲ್ಲೂ ದಾಖಲಾಗಿಲ್ಲ ಅಷ್ಟೆ.

ಹಾಸ್ಟೆಲಿನಲ್ಲಿ ದನದ ಕೊರಳಿಗೆ ಕಟ್ಟುವ ಗಂಟೆ ಬಾರಿಸಿ ಎಬ್ಬಿಸಿ ತರಗತಿಗೆ ಅಟ್ಟುತ್ತಿದ್ದರು. ಅವರ ಕೈಯಲ್ಲಿ ಪಳಗಿದವರಲ್ಲಿ 200ಕ್ಕೂ ಹೆಚ್ಚು ಮಂದಿ ವೃತ್ತಿಪರ ಫುಟ್‌ಬಾಲಿಗೆ ಹೋದರು. ಅದರಲ್ಲಿ ಒಂದು ಸಂಗತಿ ಮುಖ್ಯ. ಆ ಆಟದಲ್ಲಿ ಯಾವ ದಾಳಿ ಹೇಗೆ ಎಂದು ತಂಡ ನಡೆಸುವವನು ಕ್ವಾರ್ಟರ್‌ಬ್ಯಾಕ್. ಕಪ್ಪು ಹುಡುಗರು ಓಡಬಲ್ಲರು, ಗುದ್ದಬಲ್ಲರು, ಯೋಚಿಸಲಾರರು ಎಂಬ ಹೊಲಸು ನಂಬಿಕೆಯಿಂದ ವೃತ್ತಿಪರ ತಂಡಗಳು ಅವರನ್ನು ಆ ಸ್ಥಾನದಿಂದ ಕಿತ್ತು ಬೇರೆಡೆ ಹಾಕುತ್ತಿದ್ದವು. ಹಾಗೆ ಸ್ಥಾನ ಬಿಟ್ಟುಕೊಡದಂತೆ ರಾಬಿನ್ಸನ್ ಜೇಮ್ಸ್ ಹ್ಯಾರಿಸ್ ಎಂಬ ಹುಡುಗನನ್ನು ತಯಾರು ಮಾಡಿದರು. 1969ರಲ್ಲಿ ಬಫಲೋ ತಂಡದ ಸೀಸನ್ನಿನ ಮೊದಲ ಪಂದ್ಯದಲ್ಲೇ ಹ್ಯಾರಿಸ್ ಕ್ವಾರ್ಟರ್‌ಬ್ಯಾಕ್ ಆಗಿ ಇಳಿದ. 1988ರ ಜನವರಿಯಲ್ಲಿ ಇನ್ನೊಬ್ಬ ಶಿಷ್ಯ ಡಗ್ ವಿಲಿಯಮ್ಸ್ ಸೂಪರ್ ಬೌಲ್, ಅಂದರೆ ವೃತ್ತಿಪರ ಫುಟ್‌ಬಾಲಿನ ವರ್ಷದ ಫೈನಲ್, ಆಡಿದ. ಅವನ ವಾಷಿಂಗ್ಟನ್ ತಂಡ 10-0 ಹಿಂದಿತ್ತು; ಪಂದ್ಯದ ನಾಲ್ಕು ಭಾಗಗಳಲ್ಲಿ ಎರಡನೆಯದೊಂದರಲ್ಲೇ 35 ಅಂಕ ಬಂತು, ನಾಲ್ಕು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು) ಅವನ ಎಸೆತಗಳಿಂದ. ಕೊನೆಗೆ 42-10. ಸೂಪರ್ ಬೌಲ್ ಗೆದ್ದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಅವನು. ಆ ಪಂದ್ಯದ ವೀಡಿಯೋ ಒಮ್ಮೆ ನೋಡಿ.

1985ರಲ್ಲಿ ರಾಬಿನ್ಸನ್ 324ನೇ ಗೆಲುವಿನಿಂದ ಅಲಬಾಮಾ ವಿಶ್ವವಿದ್ಯಾಲಯದ ಕೋಚ್ ಬೇರ್ ಬ್ರಯಂಟ್ ಅವರ ದಾಖಲೆ ದಾಟಿದಾಗ, ಸಣ್ಣ ಕಾಲೇಜುಗಳ ಎದುರು ಗೆದ್ದದ್ದು ಎಂದು ಮೂಗು ಮುರಿದವರಿದ್ದರು. ದಕ್ಷಿಣದ ದೊಡ್ಡ ವಿಶ್ವವಿದ್ಯಾಲಯಗಳು ದಶಕಗಳ ಕಾಲ ಕಪ್ಪು ಹುಡುಗರಿಗೆ ಬಾಗಿಲನ್ನೇ ತೆರೆದಿರಲಿಲ್ಲ. ಎದುರು ಆಡಲು ಬಿಡದೆ ಎದುರಾಳಿ ಸಣ್ಣವನು ಎನ್ನುವುದು ಯಾವ ನ್ಯಾಯ? 1970ರ ಆಸುಪಾಸಿನಲ್ಲಿ ಆ ಬಾಗಿಲು ತೆರೆಯತೊಡಗಿದಾಗ ಪೆಟ್ಟು ಬಿದ್ದದ್ದೂ ಗ್ರ್ಯಾಂಬ್ಲಿಂಗ್‌ನಂಥ ಕಾಲೇಜುಗಳಿಗೇ. ಮೊದಲು ತಾವಾಗಿಯೇ ಇಲ್ಲಿಗೆ ಬರುತ್ತಿದ್ದ ಒಳ್ಳೊಳ್ಳೆ ಆಟಗಾರರನ್ನು ಹಣವಿದ್ದವರು ಸೆಳೆದುಕೊಂಡರು.

ಗೆಲುವಿನ ಲೆಕ್ಕದಲ್ಲಿ ಅವರನ್ನು ಮೀರಿಸಿದವರು ಆಮೇಲೆ ಬಂದರು. ಅವರ ಕೊನೆಯ ಮೂರು ಸೀಸನ್‌ಗಳಲ್ಲಿ ಗೆಲುವಿಗಿಂತ ಸೋಲೇ ಹೆಚ್ಚು. ಇನ್ನೂ ಮುಂಚೆ ಬಿಡಬೇಕಿತ್ತು ಎಂದೇ ನನಗನ್ನಿಸುತ್ತದೆ. ಅವರ ಮೇಲಿನ ಗೌರವಕ್ಕೆ ಅದರಿಂದ ಕುಂದಿಲ್ಲ. ಅವರ ಜಾಗಕ್ಕೆ ಬಂದದ್ದು ಡಗ್ ವಿಲಿಯಮ್ಸ್. 2000ದಿಂದ ಸತತ ಮೂರು ವರ್ಷ ತಮ್ಮ ಲೀಗಿನ ಪಟ್ಟ ತಂದುಕೊಟ್ಟ.

ಅಷ್ಟರಲ್ಲಿ ಗುರುವಿಗೆ ಮರೆವಿನ ಕಾಯಿಲೆ, ಅಲ್ಝೈಮರ್ಸ್, ಹತ್ತಿತ್ತು. ತನ್ನ ನಿಜವಾದ ದಾಖಲೆ ಎಂದರೆ ಒಂದೇ ಕೆಲಸ, ಒಬ್ಬಳೇ ಹೆಂಡತಿ ಎಂದು ಹೇಳಿಕೊಳ್ಳುತ್ತಿದ್ದ ಅವರು 2007ರ ಏಪ್ರಿಲ್ 3ರಂದು ತೀರಿಕೊಂಡರು. ಸಾರ್ವಜನಿಕ ದರ್ಶನಕ್ಕೆಂದು ಪಾರ್ಥಿವ ಶರೀರವನ್ನು ರಾಜ್ಯದ ಶಾಸನಸಭಾ ಭವನದಲ್ಲಿ ಇಟ್ಟರು. ಆ ಭವನ ಇರುವುದು ಅವರು ಗಿರಣಿ ಕೂಲಿ ಮಾಡಿದ ಅದೇ ಬ್ಯಾಟನ್ ರೂಜ್‌ನಲ್ಲಿ.