ಕ್ರಂಪ್‌ಗೆ ಎಂಥ ಶೂ, ಎಂಥ ಬಟ್ಟೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಕ್ರಂಪ್ ಕುರಿತು ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಶೂ, ಬಟ್ಟೆಗೆ ಸಂಬಂಧಿಸಿದವು. 2000ದ ಆಸುಪಾಸಿನಲ್ಲಿ ದಕ್ಷಿಣ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಈ ಬೀದಿ ಕುಣಿತಕ್ಕೆ ಬುನಾದಿ ಕೆಲವೇ ಚಲನೆಗಳು: ನೆಲಕ್ಕೆ ಕಾಲು ಅಪ್ಪಳಿಸುವ ಸ್ಟಾಂಪ್, ಎದೆ ಚಿಮ್ಮಿಸುವ ಚೆಸ್ಟ್ ಪಾಪ್, ತೋಳು ಬೀಸುವ ಆರ್ಮ್ ಸ್ವಿಂಗ್, ಗುದ್ದಿನಂಥ ಜ್ಯಾಬ್. ಏನನ್ನೇ ಕೊಳ್ಳುವ ಮೊದಲು ಇವುಗಳಿಗೆ ಅದು ಹೊಂದುತ್ತದೆಯೇ ನೋಡಿ.

ಪ್ರಶ್ನೆ: ಓಟಕ್ಕೆಂದು ಕೊಂಡ ದಪ್ಪ ಸೋಲ್‌ನ ಶೂ ಹಾಕಿಕೊಂಡೇ ಸ್ಟಾಂಪ್ ಅಭ್ಯಾಸ ಮಾಡುತ್ತಿದ್ದೇನೆ. ಎರಡು ಸಲ ಪಾದ ಹೊರಕ್ಕೆ ವಾಲಿ ಉಳುಕಿತು. ಬೇರೆ ಶೂ ಬೇಕೇ ಬೇಕಾ?

ಬೇಕು. ಓಟದ ಶೂ ತಯಾರಾಗುವುದು ಮುಂದಕ್ಕೆ ಸಾಗುವ ಪಾದಕ್ಕೆ. ಅದರ ಹಿಮ್ಮಡಿ ಮೆತ್ತಗೆ, ಎತ್ತರಕ್ಕೆ ಇರುತ್ತದೆ. ಎಷ್ಟೋ ಮಾದರಿಗಳಲ್ಲಿ ಬೆರಳಿನ ಭಾಗಕ್ಕಿಂತ 8ರಿಂದ 12 ಮಿಲಿಮೀಟರ್ ಮೇಲಿರುತ್ತದೆ. ಕಾಲು ಅಗಲಿಸಿ ನಿಂತು ಪಕ್ಕಕ್ಕೆ ಭಾರ ಹಾಕಿ ಅಪ್ಪಳಿಸಿದಾಗ ಆ ಮೆತ್ತನೆಯ ಫೋಮ್ ಒಂದೇ ಬದಿಗೆ ಕುಸಿಯುತ್ತದೆ, ಅದರ ಜೊತೆಗೇ ಹರಡೂ (ಪಾದದ ಕೀಲು) ವಾಲುತ್ತದೆ. ಹಾಗೆಂದು ತೆಳು ರಬ್ಬರ್ ತಳದ ಸ್ಕೇಟ್ ಶೂ ಕೊಂಡರೆ ಕಾಲು ಅಲುಗದೆ ನಿಲ್ಲುತ್ತದೆ ನಿಜ, ಆದರೆ ಕಾಂಕ್ರೀಟ್ ಮೇಲೆ ಅರ್ಧ ಗಂಟೆ ಕುಣಿಯುವಷ್ಟರಲ್ಲಿ ಹಿಮ್ಮಡಿ ನೋಯತೊಡಗುತ್ತದೆ. ಎರಡರ ನಡುವಿನದು ಬಾಸ್ಕೆಟ್‌ಬಾಲ್ ಅಥವಾ ಒಳಾಂಗಣ ಆಟಗಳ ಶೂ: ತಳ ಅಗಲ, ಮೆತ್ತೆ ಗಟ್ಟಿ, ಪಕ್ಕದ ಗೋಡೆ ಬಿಗಿ.

ಅಂಗಡಿಯಲ್ಲೇ ನಾಲ್ಕು ಪರೀಕ್ಷೆ ಮಾಡಿ. ಹಿಮ್ಮಡಿ, ತುದಿ ಎರಡನ್ನೂ ಹಿಡಿದು ಮಡಚಿ. ಬೆರಳುಗಳ ಬುಡದಲ್ಲಿ ಬಾಗಬೇಕು, ನಟ್ಟನಡುವೆ ಬಾಗಿದರೆ ಬಿಟ್ಟುಬಿಡಿ. ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿ ನೋಡಿ, ಸುಲಭವಾಗಿ ತಿರುಚಿಕೊಳ್ಳಬಾರದು. ಹಿಮ್ಮಡಿಯ ಹಿಂದಿನ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಕುಸಿಯಬಾರದು. ಕೊನೆಗೆ ಲೇಸ್ ಕಟ್ಟಿ ಹತ್ತು ಸಲ ಸ್ಟಾಂಪ್ ಮಾಡಿ. ಅಂಗಡಿಯವರು ಬೆಚ್ಚಿ ನೋಡಿದರೆ ನೋಡಲಿ. ಹಿಮ್ಮಡಿ ಮೇಲೆದ್ದರೆ ಸಡಿಲ, ಬೆರಳು ಮುಂದೆ ಬಡಿದರೆ ಚಿಕ್ಕದು. ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿಕೊಂಡಿರುವುದರಿಂದ ಈ ಕೆಲಸಕ್ಕೆ ಸಂಜೆ ಹೊತ್ತೇ ಒಳ್ಳೆಯದು. ಕುಣಿಯುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಿ.

ಆದರೆ ಎರಡು ಸಲ ಉಳುಕಿದ ಹರಡು ಪೂರ್ತಿ ವಾಸಿಯಾಗದೆ ಹೊಸ ಶೂ ಹಾಕಿಯೂ ಅಪ್ಪಳಿಸಬೇಡಿ.

ಪ್ರಶ್ನೆ: ಅಳತೆ ಸರಿಯಾಗಿದೆ, ಆದರೂ ಹಿಮ್ಮಡಿ ಜಾರುತ್ತದೆ. ಲೇಸ್ ಬಿಗಿದರೆ ಪಾದದ ಮೇಲ್ಭಾಗ ಜೋಮು ಹಿಡಿಯುತ್ತದೆ.

ಇಡೀ ಲೇಸನ್ನು ಬಿಗಿಯಬೇಡಿ, ಮೇಲಿನ ತುದಿಯನ್ನು ಮಾತ್ರ ಬಿಗಿಯಿರಿ. ಅನೇಕ ಶೂಗಳಲ್ಲಿ ಹರಡಿನ ಹತ್ತಿರ ಒಂದು ಹೆಚ್ಚುವರಿ ತೂತು ಇರುತ್ತದೆ. ಲೇಸನ್ನು ಎದುರು ಬದಿಗೆ ದಾಟಿಸದೆ, ಅದೇ ಬದಿಯ ಆ ತೂತಿಗೆ ಹೊರಗಿನಿಂದ ಒಳಕ್ಕೆ ಹಾಕಿ ಸಣ್ಣ ಕುಣಿಕೆ ಬಿಡಿ. ಇನ್ನೊಂದು ಬದಿಗೂ ಹಾಗೇ ಮಾಡಿ. ಈಗ ಬಲದ ತುದಿಯನ್ನು ಎಡದ ಕುಣಿಕೆಯೊಳಗೆ, ಎಡದ್ದನ್ನು ಬಲದ ಕುಣಿಕೆಯೊಳಗೆ ತೂರಿಸಿ. ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ ಹಿಡಿದು ಎರಡನ್ನೂ ಕೆಳಮುಖವಾಗಿ ಎಳೆದು ಗಂಟು ಹಾಕಿ. ಕೆಳಗಿನ ಸಾಲುಗಳು ಸಡಿಲವಾಗಿದ್ದರೂ ಹಿಮ್ಮಡಿ ಕದಲುವುದಿಲ್ಲ. ಉಳಿದ ತುದಿಗಳನ್ನು ಒಳಗೆ ಸಿಕ್ಕಿಸುವುದನ್ನು ಮರೆಯಬೇಡಿ.

ಪ್ರಶ್ನೆ: ಜೋಲು ಪ್ಯಾಂಟ್ ಹಾಕಿದರೂ ತೊಡೆಸಂದಿನಲ್ಲಿ ಹರಿಯುತ್ತಿದೆ. ಇನ್ನೂ ದೊಡ್ಡ ಅಳತೆ ತೆಗೆದುಕೊಳ್ಳಲೇ?

ದೊಡ್ಡದು ತಂದರೆ ಇನ್ನೂ ಬೇಗ ಹರಿಯಬಹುದು. ಪ್ಯಾಂಟಿನ ನಾಲ್ಕು ಹೊಲಿಗೆಗಳು ಸೇರುವ ಆ ಒಂದು ಬಿಂದು ಎಷ್ಟು ಕೆಳಗೆ ಜೋತು ಬಿದ್ದಿರುತ್ತದೋ, ಕಾಲು ಅಗಲಿಸಿದಾಗ ಅಷ್ಟು ಬೇಗ ಬಟ್ಟೆ ಎರಡು ಕಡೆಗೂ ಬಿಗಿದುಕೊಳ್ಳುತ್ತದೆ. ಮೊಣಕಾಲು ಎತ್ತಿದರೆ ಇನ್ನೊಂದು ಕಾಲಿನ ಬಟ್ಟೆಯೂ ಎಳೆದುಕೊಂಡು ಬರುತ್ತದಲ್ಲ, ಅದೇ ಇದರ ಗುರುತು. ಸಡಿಲ ಇರಬೇಕಾದದ್ದು ತೊಡೆ, ಮೊಣಕಾಲಿನ ಹತ್ತಿರ. ಸಂದು ಮಾತ್ರ ಮೈಗೆ ಹತ್ತಿರವೇ ಇರಬೇಕು.

ಇರುವ ಪ್ಯಾಂಟನ್ನು ಉಳಿಸಿಕೊಳ್ಳಬೇಕೆಂದರೆ ದರ್ಜಿಯಿಂದ ಆ ಜಾಗದ ಹೊಲಿಗೆ ಬಿಚ್ಚಿಸಿ, ಗಾಳಿಪಟದ ಆಕಾರದ ಒಂದು ತುಂಡು ಕೂಡಿಸಿ. ಉದ್ದ 10–12 ಸೆಂಟಿಮೀಟರ್ ಸಾಕು. ಎಳೆತ ಆಗ ಒಂದೇ ಬಿಂದುವಿನ ಮೇಲೆ ಬೀಳದೆ ನಾಲ್ಕು ಅಂಚುಗಳಿಗೂ ಹಂಚಿಹೋಗುತ್ತದೆ. ಹತ್ತಿ ದಾರ ಬೇಡ, ಪಾಲಿಯೆಸ್ಟರ್ ದಾರದಲ್ಲಿ ಎರಡು ಸಾಲು ಹೊಲಿಸಿ. ಜೀನ್ಸ್ ಇಷ್ಟಪಡುವವರು ಹತ್ತಿಗೆ ನೂರಕ್ಕೆ 2 ಪಾಲಿನಷ್ಟು ಎಲಾಸ್ಟೇನ್ (ಹಿಗ್ಗುವ ಎಳೆ) ಬೆರೆಸಿದ್ದನ್ನು ನೋಡಿ ಕೊಳ್ಳಿ.

ಉದ್ದವನ್ನು ಶೂ ಹಾಕಿಯೇ ಅಳೆಯಿರಿ. ಅಂಚು ಹಿಮ್ಮಡಿಯ ಹಿಂದೆ ನೆಲದಿಂದ ಎರಡು ಬೆರಳು ಮೇಲಿರಲಿ, ಇಲ್ಲವಾದರೆ ಹಿಂದಕ್ಕೆ ಹೆಜ್ಜೆ ಇಟ್ಟಾಗ ನಿಮ್ಮದೇ ಪ್ಯಾಂಟ್ ನಿಮ್ಮನ್ನು ಬೀಳಿಸುತ್ತದೆ. ಮಡಚುವುದಾದರೆ ಒಳಗಡೆ ಎರಡು ಟಾಕ ಹಾಕಿ.

ಪ್ರಶ್ನೆ: ದಪ್ಪ ಹೂಡಿ ಹಾಕಿ ಕುಣಿದರೆ ಚೆಸ್ಟ್ ಪಾಪ್ ಕಾಣಿಸುವುದೇ ಇಲ್ಲ ಎನ್ನುತ್ತಾರೆ. ಹಾಗಾದರೆ ಮೈಗಂಟುವ ಬಟ್ಟೆ ಹಾಕಬೇಕೆ?

ಬೇಡ. ಎದೆ ಚಿಮ್ಮಿದಾಗ ಬಟ್ಟೆಯೂ ಒಮ್ಮೆ ಚಿಮ್ಮಿ ಬೀಳಬೇಕು. ಮೈಗಂಟಿದ್ದರೆ ಆ ಚಿಮ್ಮು ಸಿಗುವುದಿಲ್ಲ. ಚದರ ಮೀಟರಿಗೆ 180ರಿಂದ 220 ಗ್ರಾಂ ತೂಗುವ ಹತ್ತಿಯ ಟೀ ಶರ್ಟ್, ನಿಮ್ಮ ಅಳತೆಗಿಂತ ಒಂದು ಮೇಲಿನದು, ಹೆಚ್ಚಿನವರಿಗೆ ಸರಿಹೋಗುತ್ತದೆ. ಇದಕ್ಕಿಂತ ತೀರಾ ತೆಳುವಾದದ್ದು ಬೆವರಿಗೆ ಬೆನ್ನಿಗೆ ಅಂಟಿ ಕೂರುತ್ತದೆ. 300 ಗ್ರಾಂ ದಾಟಿದ ಹೂಡಿಯಲ್ಲಿ ಎದೆಯ ಚಲನೆ ಬಟ್ಟೆಯೊಳಗೇ ಮುಗಿದುಹೋಗುತ್ತದೆ. ಮೈ ಬಿಸಿಯಾಗುವವರೆಗೆ ಹೂಡಿ ಇರಲಿ, ಆಮೇಲೆ ತೆಗೆಯಿರಿ. ಹೂಡಿಯಲ್ಲೇ ಕುಣಿಯುತ್ತೇನೆ ಎನ್ನುವವರು ಕತ್ತಿನ ದಾರವನ್ನು ಎಳೆದು ತೆಗೆದುಬಿಡಿ. ರಭಸದ ತಿರುವಿನಲ್ಲಿ ಅದರ ತುದಿಯ ಲೋಹ ಕಣ್ಣಿಗೆ ಚಾಟಿಯಂತೆ ಹೊಡೆಯುತ್ತದೆ.

ಎರಡೂ ಕೈ ಮೇಲೆತ್ತಿ ನೋಡಿ. ಹೊಟ್ಟೆ ಕಾಣುವಷ್ಟು ಶರ್ಟ್ ಏರಿದರೆ ಕಂಕುಳು ಬಿಗಿಯಾಗಿದೆ ಎಂದರ್ಥ, ತೋಳು ಬೀಸಿದಾಗಲೆಲ್ಲ ಅದು ಭುಜವನ್ನು ಹಿಡಿದೆಳೆಯುತ್ತದೆ. ಬಣ್ಣದ ಬಗ್ಗೆ ಒಂದೇ ಮಾತು: ಕಪ್ಪು ಪರದೆಯ ಮುಂದೆ ತುಂಬುತೋಳಿನ ಕಪ್ಪು ಅಂಗಿ ಹಾಕಿದರೆ ಜ್ಯಾಬ್ ಯಾರಿಗೂ ಕಾಣಿಸದು.

ಪ್ರಶ್ನೆ: ಮುಖಕ್ಕೆ ಬಣ್ಣ ಬಳಿಯಲೇಬೇಕಾ?

ಇಲ್ಲ. ಆ ಬಣ್ಣ ಬಂದದ್ದು ಕ್ಲೌನಿಂಗ್‌ನಿಂದ. ಟಾಮಿ ದ ಕ್ಲೌನ್ 1992ರಲ್ಲಿ ಹುಟ್ಟುಹಬ್ಬದ ಕೂಟಗಳಿಗಾಗಿ ಶುರುಮಾಡಿದ ವಿದೂಷಕ ಕುಣಿತ ಅದು, ಕ್ರಂಪ್ ಅದರಿಂದಲೇ ಕವಲೊಡೆಯಿತು. ಮೊದಮೊದಲು ಕ್ರಂಪ್ ಕುಣಿಯುವವರೂ ಬಳಿದುಕೊಳ್ಳುತ್ತಿದ್ದರು. ಈಗ ಬರಿಮುಖವೇ ಸಾಮಾನ್ಯ.

ಪ್ರಶ್ನೆ: ಮಗಳಿಗೆ ಹನ್ನೆರಡು ವರ್ಷ. ಬೆಳೆಯುವ ಕಾಲಲ್ಲವೇ ಎಂದು ಎರಡು ಅಳತೆ ದೊಡ್ಡ ಶೂ ಕೊಡಿಸಿ, ತುದಿಗೆ ಹತ್ತಿ ತುರುಕಿದ್ದೇನೆ. ತಪ್ಪೇನಾದರೂ ಇದೆಯೇ?

ಇದೆಯಮ್ಮ. ಹತ್ತಿ ತುರುಕಿದರೂ ಶೂ ಬಾಗುವ ಜಾಗ ಮಗುವಿನ ಬೆರಳ ಬುಡಕ್ಕಿಂತ ಮುಂದೆಯೇ ಉಳಿಯುತ್ತದೆ. ಅಪ್ಪಳಿಸಿದಾಗ ಪಾದ ಒಳಗೇ ಜಾರಿ ಉಗುರು ಕಪ್ಪಾಗುತ್ತದೆ. ಒಳಗಿನ ಅಟ್ಟೆಯನ್ನು ಹೊರತೆಗೆದು ಅದರ ಮೇಲೆ ಅವಳನ್ನು ನಿಲ್ಲಿಸಿ. ಉದ್ದದ ಬೆರಳಿನ ಮುಂದೆ 1ರಿಂದ ಒಂದೂವರೆ ಸೆಂಟಿಮೀಟರ್ ಜಾಗ ಇರಲಿ, ಅದಕ್ಕಿಂತ ಹೆಚ್ಚು ಬೇಡ. ಮೂರು ತಿಂಗಳಿಗೊಮ್ಮೆ ಹೀಗೆ ಅಳೆಯಿರಿ. ಉಂಗುರ, ಬಳೆ, ಕತ್ತಿನ ಸರ ಎಲ್ಲವನ್ನೂ ತರಗತಿಗೆ ಮುಂಚೆ ಬಿಚ್ಚಿಸಿ. ಬೀಸಿದ ಕೈ ಪಕ್ಕದವರ ಮುಖಕ್ಕೆ ತಾಗುವುದು ಈ ಕುಣಿತದಲ್ಲಿ ಅಪರೂಪವಲ್ಲ.

ಪ್ರಶ್ನೆ: ಆರೇಳು ವರ್ಷ ಡಬ್ಬಿಯಲ್ಲೇ ಇದ್ದ, ಒಮ್ಮೆಯೂ ಹಾಕದ ಶೂ ಮೊದಲ ದಿನವೇ ತಳ ಒಡೆದು ಪುಡಿಯಾಯಿತು. ನಕಲಿ ಮಾಲೇ?

ನಕಲಿಯೇ ಆಗಬೇಕೆಂದಿಲ್ಲ. ತಳದ ನಡುವಿನ ಪದರ ಪಾಲಿಯುರೆಥೇನ್ ಎಂಬ ಫೋಮ್‌ನದಾಗಿದ್ದರೆ ಗಾಳಿಯ ತೇವಾಂಶದಿಂದ ಅದು ನಿಧಾನವಾಗಿ ಒಳಗೇ ಶಿಥಿಲವಾಗುತ್ತದೆ, ಹಾಕಲಿ ಬಿಡಲಿ. ಹೊರಗೆ ಹೊಚ್ಚಹೊಸದರಂತೆ ಹೊಳೆಯುತ್ತಿದ್ದದ್ದು ಮೊದಲ ಸ್ಟಾಂಪ್‌ಗೇ ಉದುರುತ್ತದೆ. ಅಂಟಿಸಿ ಸರಿಮಾಡಲು ಆಗುವುದಿಲ್ಲ, ಅಂಟು ಹಿಡಿಯಲು ಗಟ್ಟಿ ಜಾಗವೇ ಉಳಿದಿರುವುದಿಲ್ಲ. ಹಳೆಯ ದಾಸ್ತಾನಿನ ಶೂ ಕೊಳ್ಳುವಾಗ ಪಕ್ಕದ ಪದರವನ್ನು ಉಗುರಿನಿಂದ ಒತ್ತಿ ನೋಡಿ. ಗುರುತು ಹಾಗೇ ಉಳಿದರೆ, ಅಥವಾ ಬೆರಳಿಗೆ ಜಿಗುಟು ಹತ್ತಿದರೆ ವಾಪಸ್ ಕೊಡಿ. ಬಳಸುತ್ತಿರುವ ಜೋಡಿಯ ಒಳಗಟ್ಟೆಯನ್ನು ಪ್ರತಿ ಸಲ ಹೊರತೆಗೆದು, ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಲ್ಲಿ ಒಣಗಿಸಿ.