‘ಬೆಳೆಸಿಕೊಂಡವು’ ಅಂದರೆ ಬೆಳೆಸಿದ್ದು ಯಾರು?

ನಮಸ್ಕಾರ.

ಜೀವವಿಕಾಸದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೆ ಕೈಬಿಡುವಂಥ ಬರಹವೂ ಅಲ್ಲ. ಅದಕ್ಕೇ ಇಷ್ಟುದ್ದ ಉತ್ತರ.

ತೊಡಕು ಇರುವುದು ಎರಡನೇ ಪುಟದ ಈ ವಾಕ್ಯದಲ್ಲಿ: “ಬರ ಬಂದಾಗ ಗಲಪಗೋಸ್‌ನ ಫಿಂಚ್ ಹಕ್ಕಿಗಳು ಗಟ್ಟಿ ಬೀಜ ಒಡೆಯಲೆಂದು ಕೊಕ್ಕನ್ನು ದೊಡ್ಡದಾಗಿ ಬೆಳೆಸಿಕೊಂಡವು.” ಕಿವಿಗೆ ಹಿತವಾಗಿದೆ, ವಿಷಯ ತಪ್ಪಾಗಿದೆ. ನಮ್ಮ ಭಾಷೆಯಲ್ಲಿ ‘ಕೊಳ್ಳು’ ಸೇರಿದ ಕೂಡಲೇ ‘ತನಗೋಸ್ಕರ’ ಎಂಬ ಅರ್ಥ ಒಳಗೆ ಬಂದು ಕೂರುತ್ತದೆ. ಅಡುಗೆ ಮಾಡಿದಳು, ಅಡುಗೆ ಮಾಡಿಕೊಂಡಳು: ವ್ಯತ್ಯಾಸ ನಿಮಗೆ ಗೊತ್ತೇ ಇದೆ. ಹಾಗಾಗಿ ‘ಬೆಳೆಸಿಕೊಂಡವು’ ಎಂದು ಓದಿದವರ ಕಣ್ಣಿಗೆ ಹಟ ಹಿಡಿದು ಕೊಕ್ಕು ದೊಡ್ಡದು ಮಾಡುತ್ತಿರುವ ಹಕ್ಕಿ ಕಾಣುತ್ತದೆ. ಅಂಥ ಹಕ್ಕಿ ಅಲ್ಲಿರಲಿಲ್ಲ.

ಅಲ್ಲಿ ನಡೆದದ್ದನ್ನೇ ಹೇಳಿ. ಅದು ನಿಮ್ಮ ವಾಕ್ಯಕ್ಕಿಂತ ಕಠೋರ, ಓದುಗರನ್ನು ಹಿಡಿದಿಡುವುದೂ ಅದೇ. ಜೀವವಿಜ್ಞಾನಿಗಳಾದ ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿ 1973ರಿಂದ ಪೆಸಿಫಿಕ್ ಸಾಗರದ ಗಲಪಗೋಸ್ ದ್ವೀಪಸಮೂಹದಲ್ಲಿ ಡ್ಯಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪದಲ್ಲಿ ಫಿಂಚ್‌ಗಳನ್ನು ಹಿಡಿದು, ಕಾಲಿಗೆ ಬಳೆ ತೊಡಿಸಿ, ಕೊಕ್ಕು ಅಳೆದು ಬಿಡುತ್ತಿದ್ದರು. 1977ರಲ್ಲಿ ಮಳೆ ಕೈಕೊಟ್ಟಿತು. ಸಣ್ಣ, ಮೆದು ಬೀಜಗಳು ಮೊದಲು ಮುಗಿದವು. ಉಳಿದವುಗಳಲ್ಲಿ ಮುಖ್ಯವಾದದ್ದು ಮುಳ್ಳು ಹೊದ್ದ ಗಟ್ಟಿ ಕಾಯಿ. ನಮ್ಮ ಹೊಲದ ಬದುವಿನಲ್ಲಿ ಬರಿಗಾಲಿಗೆ ಚುಚ್ಚುವ ನೆಗ್ಗಿಲಿನ ಹತ್ತಿರದ ಸಂಬಂಧಿ ಅದು. (ಇದನ್ನು ಬರೆಯಿರಿ. ನೆಗ್ಗಿಲು ತುಳಿದವರಿಗೆ ಆ ಹಕ್ಕಿಯ ಕಷ್ಟ ತಾನಾಗಿಯೇ ತಿಳಿಯುತ್ತದೆ.) ಮಧ್ಯಮ ನೆಲಫಿಂಚ್ ಎಂಬ ಜಾತಿಯ ಹಕ್ಕಿಗಳಲ್ಲಿ ಶೇಕಡಾ 85ರಷ್ಟು ಇಲ್ಲವಾದವು. ಬದುಕುಳಿದವುಗಳಲ್ಲಿ ಹೆಚ್ಚಿನವು ಮೊದಲೇ ದಪ್ಪ ಕೊಕ್ಕಿದ್ದವು. ಬರ ಬಂತೆಂದು ಯಾವ ಹಕ್ಕಿಯ ಕೊಕ್ಕೂ ಕೂದಲೆಳೆಯಷ್ಟು ದಪ್ಪವಾಗಲಿಲ್ಲ. ಕೊಕ್ಕಿನ ಗಾತ್ರ ತಂದೆತಾಯಿಯಿಂದ ಮರಿಗೆ ಬರುವಂಥದ್ದು, ಆದ್ದರಿಂದ ಮರುವರ್ಷ ಹುಟ್ಟಿದ ಮರಿಗಳ ಕೊಕ್ಕು ಸರಾಸರಿ ಶೇಕಡಾ 4ರಷ್ಟು ದೊಡ್ಡದಿತ್ತು. ಬದಲಾದದ್ದು ಹಕ್ಕಿಯಲ್ಲ, ಗುಂಪು.

ನಿಮ್ಮ ಇನ್ನೊಂದು ಮಾತು, “ವಿಕಾಸವೆಂದರೆ ಮೇಲ್ಮೆಯತ್ತ ನಡಿಗೆ”. ವ್ಯಕ್ತಿತ್ವ ವಿಕಾಸ ಎಂದು ಕೇಳಿ ಬೆಳೆದ ನಮಗೆಲ್ಲ ಈ ಎಡವು ಸಹಜ. ಆದರೆ ಅದೇ ದ್ವೀಪ ಇದನ್ನು ಒಪ್ಪುವುದಿಲ್ಲ. 1983ರಲ್ಲಿ ಎಲ್ ನಿನೋ, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯಾಗುವ ವಿದ್ಯಮಾನ, ತಂದ ಮಳೆ ಸುರಿದು ಸಣ್ಣ ಬೀಜದ ಗಿಡಗಳು ಹಬ್ಬಿದವು. ಮುಂದೆ ಸಣ್ಣ ಕೊಕ್ಕಿಗೇ ಅನುಕೂಲವಾಯಿತು. 2004-05ರಲ್ಲಿ ಮತ್ತೆ ಬರ. 1977ರಂತೆಯೇ ದಪ್ಪ ಕೊಕ್ಕು ಗೆಲ್ಲಬೇಕಿತ್ತಲ್ಲವೇ? ಗೆಲ್ಲಲಿಲ್ಲ. ಅಷ್ಟರಲ್ಲಿ ದೊಡ್ಡ ನೆಲಫಿಂಚ್ ಎಂಬ ಬೇರೆ ಜಾತಿ ದ್ವೀಪಕ್ಕೆ ಬಂದು ನೆಲೆಸಿತ್ತು. ಮುಳ್ಳುಕಾಯಿಯನ್ನು ಅದು ಖಾಲಿ ಮಾಡಿತು, ಮಧ್ಯಮ ಫಿಂಚ್‌ಗಳಲ್ಲಿ ದಪ್ಪ ಕೊಕ್ಕಿನವೇ ಹೆಚ್ಚು ಸತ್ತವು. ತಂದೆತಾಯಿಯ ಗುಣವನ್ನು ಮರಿಗೆ ಸಾಗಿಸುವ ಘಟಕವೇ ಜೀನ್. ಎಚ್‌ಎಂಜಿಎ2 ಎಂಬ ಜೀನಿನಲ್ಲಿ ದೊಡ್ಡ ಕೊಕ್ಕಿನ ಬಗೆ, ಸಣ್ಣ ಕೊಕ್ಕಿನ ಬಗೆ ಎಂದು ಎರಡಿವೆ. ಆ ಬರದಲ್ಲಿ ದೊಡ್ಡದರ ಪಾಲು ಗುಂಪಿನಲ್ಲಿ ಕುಸಿದದ್ದನ್ನು 2016ರ ಸಂಶೋಧನೆ ತೋರಿಸಿತು. ಗುಂಪಿನೊಳಗೆ ಜೀನಿನ ಬಗೆಗಳ ಪಾಲು ಏರಿಳಿಯುವುದು, ವಿಕಾಸ ಎಂದರೆ ಇಷ್ಟೇ. ನಿಮ್ಮ ಆರು ಪುಟಗಳಲ್ಲಿ ಜೀನ್ ಎಂಬ ಪದ ಒಮ್ಮೆಯೂ ಇಲ್ಲ.

ಆಕಸ್ಮಿಕಕ್ಕೂ ಒಂದು ಪ್ಯಾರಾ ಕೊಡಿ. ಆ ದೊಡ್ಡ ಫಿಂಚ್‌ಗಳು 1982ರ ಕೊನೆಯಲ್ಲಿ ಅಲ್ಲಿ ಮರಿ ಮಾಡತೊಡಗಿದಾಗ ಇದ್ದದ್ದು ಬೆರಳೆಣಿಕೆಯಷ್ಟು. ಆರಂಭದ ಪೀಳಿಗೆಗಳಿಗೆ ಸಿಕ್ಕಿದ್ದು ಆ ಕೆಲವೇ ಹಕ್ಕಿಗಳ ಜೀನುಗಳು, ಒಳ್ಳೆಯವೋ ಕೆಟ್ಟವೋ ಎಂಬ ಲೆಕ್ಕವಿಲ್ಲದೆ.

ಇನ್ನು ನಾನು ಮೆಚ್ಚಿದ್ದು. ಐದನೇ ಪುಟದಲ್ಲಿ ನಿಮ್ಮ ಅಜ್ಜಿ ಕಣದಲ್ಲಿ ಕೂತು ಬೀಜಕ್ಕೆಂದು ರಾಗಿ ತೆನೆ ಆರಿಸುತ್ತಾರೆ. ನಾಲ್ಕೇ ಸಾಲು, ಆದರೆ ಹುಲ್ಲಿನ ಧೂಳು ಮೂಗಿಗೆ ಬಂತು. ಅದನ್ನು ಯಾಕೆ ಬಚ್ಚಿಟ್ಟಿರಿ? ಮೊದಲ ಪುಟಕ್ಕೆ ತನ್ನಿ. ಅಜ್ಜಿ ‘ಆರಿಸಿಕೊಂಡರು’ ಎಂದು ಧೈರ್ಯವಾಗಿ ಬರೆಯಿರಿ, ಅಲ್ಲಿ ಆ ‘ಕೊಳ್ಳು’ ಸರಿಯಾಗಿಯೇ ಕೂರುತ್ತದೆ. ಆರಿಸುವ ಕೈ, ನೋಡುವ ಕಣ್ಣು, ಮುಂದಿನ ಮುಂಗಾರಿನ ಯೋಚನೆ, ಎಲ್ಲವೂ ಅಲ್ಲಿವೆ. ತೆನೆಯೂ ತನ್ನನ್ನು ತಾನು ಬದಲಿಸಿಕೊಳ್ಳಲಿಲ್ಲ ಎನ್ನುವುದನ್ನು ಅಲ್ಲೇ ತೋರಿಸಿ. ಆಮೇಲೆ ದ್ವೀಪಕ್ಕೆ ಹೋಗಿ. ಅಲ್ಲಿ ಕೈಯೂ ಇಲ್ಲ, ಕಣ್ಣೂ ಇಲ್ಲ, ಬರ ಮಾತ್ರ ಇದೆ.

ಮುನ್ನುಡಿಯ ಒಂದೂವರೆ ಪುಟ ತೆಗೆದುಹಾಕಿ. ಜಿರಾಫೆಯ ಉದಾಹರಣೆಯೂ ಬೇಡ. ‘ಬೆಳೆಸಿಕೊಂಡವು’, ‘ರೂಢಿಸಿಕೊಂಡವು’, ‘ಪಡೆದುಕೊಂಡವು’ ಎಲ್ಲಿ ಬಂದರೂ ಕೆಂಪು ಗೆರೆ ಎಳೆದಿದ್ದೇನೆ, ಹದಿನಾಲ್ಕು ಕಡೆ. ಪ್ರತಿಯೊಂದರಲ್ಲೂ ಯಾರು ಸತ್ತರು, ಯಾರು ಉಳಿದರು, ಯಾರ ಮರಿಗಳು ಹೆಚ್ಚಾದವು ಎಂದು ಕೇಳಿ ಹೊಸದಾಗಿ ಬರೆಯಿರಿ.

ತಿದ್ದಿದ ಪ್ರತಿಗಾಗಿ ಕಾಯುತ್ತೇನೆ. ಅಜ್ಜಿ ಯಾವ ಬಗೆಯ ತೆನೆ ಆರಿಸುತ್ತಿದ್ದರು, ಯಾವುದನ್ನು ಬಿಡುತ್ತಿದ್ದರು ಎಂಬುದನ್ನು ಮನೆಯಲ್ಲಿ ಕೇಳಿ ಸೇರಿಸಿ.

ವಿಶ್ವಾಸದಿಂದ,
ಸಂಪಾದಕ