ಪ್ರತಿ: ಫೋರ್ಡ್ ಮೊದಲ ಕಂಪನಿ ಮುಚ್ಚಿತಾ, ಕ್ಯಾಡಿಲ್ಯಾಕ್ ಆಯ್ತಾ?

ನೀವು ಹೆನ್ರಿ ಫೋರ್ಡ್‌ನ ಎರಡು ಬೇರೆ ಕಂಪನಿನ ಒಂದೇ ಅಂದ್ಕೊಂಡಿದೀರ, ಅದಕ್ಕೇ ಒಂದು ಕಡೆ ‘1901ರಲ್ಲಿ ಮುಚ್ಚಿತು’ ಇನ್ನೊಂದು ಕಡೆ ‘ಕ್ಯಾಡಿಲ್ಯಾಕ್ ಆಯ್ತು’ ಅಂತ ಸಿಗ್ತಿರೋದು. ಎರಡೂ ಸರಿನೇ. ನಿಮ್ಮ ಹಾಗೆ ಟೈಮ್‌ಲೈನ್ ಮಾಡೋವಾಗ ನಾನೂ ಇಲ್ಲೇ ಎಡವಿದ್ದೆ.

ಮೊದಲು ಡೆಟ್ರಾಯಿಟ್ ಆಟೊಮೊಬೈಲ್ ಕಂಪನಿ ಬರ್ಕೊಳ್ಳಿ, ಆಗಸ್ಟ್ 1899. ಅಲ್ಲಿಂದ ಮೊದಲು ಹೊರಬಂದದ್ದು ಕಾರಲ್ಲ, ಡೆಲಿವರಿ ಗಾಡಿ, 1900ರ ಜನವರಿಲಿ, ಅದೂ ಭಾರ ಜಾಸ್ತಿ, ಓಟ ನಿಧಾನ, ಮಾಡೋಕೂ ತಲೆನೋವು. ಒಟ್ಟು ಸುಮಾರು 20 ಗಾಡಿ (ಪುಸ್ತಕಕ್ಕೊಂದು ಲೆಕ್ಕ, ‘ಸುಮಾರು’ ಅಂತ್ಲೇ ಹಾಕಿ). 1901 ಜನವರಿಲಿ ಬಾಗಿಲು ಹಾಕ್ತು.

ಆಮೇಲೆ ಗ್ಯಾಪ್ ಬಿಟ್ಟು 1901 ಅಕ್ಟೋಬರ್ 10ರ ರೇಸ್ ಸೇರಿಸಿ, ಡೆಟ್ರಾಯಿಟ್ ಹತ್ರದ ಗ್ರಾಸ್ ಪಾಯಿಂಟ್‌ನಲ್ಲಿ ಫೋರ್ಡ್, ಆಗಿನ ಹೆಸರಾಂತ ಕಾರು ತಯಾರಕ ಅಲೆಕ್ಸಾಂಡರ್ ವಿಂಟನ್‌ನ ಸೋಲಿಸಿದ್ದು. ಇದನ್ನ ಬಿಟ್ರೆ ಕೈ ಸುಟ್ಕೊಂಡವ್ರು ಮತ್ತೆ ಯಾಕೆ ದುಡ್ಡು ಹಾಕಿದ್ರು ಅನ್ನೋದೇ ಅರ್ಥ ಆಗಲ್ಲ.

ಅದರ ಕೆಳಗೆ ಹೆನ್ರಿ ಫೋರ್ಡ್ ಕಂಪನಿ, ನವೆಂಬರ್ 1901. ಈ ಮನುಷ್ಯನಿಗೆ ರೇಸ್ ಕಾರಿನ ಹುಚ್ಚು, ಹಣ ಹಾಕಿದವ್ರಿಗೆ ಮಾರೋ ಕಾರು ಬೇಕು, ಜಗಳ ಆಗಿ 1902 ಮಾರ್ಚಲ್ಲಿ 900 ಡಾಲರ್ ಜೊತೆಗೆ ಅರ್ಧಂಬರ್ಧ ರೇಸ್ ಕಾರಿನ ಡ್ರಾಯಿಂಗು ತಗೊಂಡು, ಇನ್ಮೇಲೆ ನನ್ನ ಹೆಸರು ಬಳಸಬಾರ್ದು ಅಂತ ಮಾತಾಡ್ಕೊಂಡು ಹೊರಟ. ಹೂಡಿಕೆದಾರರು ಮುಚ್ಚೋಣ ಅಂತ ಸಾಮಾನಿಗೆ ಬೆಲೆ ಕಟ್ಟೋಕೆ ಇಂಜಿನ್ ಮಾಡ್ತಿದ್ದ ಹೆನ್ರಿ ಲೀಲ್ಯಾಂಡ್‌ನ ಕರೆಸಿದ್ರೆ ಆತ ಮುಚ್ಬೇಡಿ, ನನ್ನ ಇಂಜಿನ್ ಹಾಕಿ ಅಂದ. ಆ ಕಂಪನಿನೇ ಆ ವರ್ಷ ಆಗಸ್ಟಲ್ಲಿ ಕ್ಯಾಡಿಲ್ಯಾಕ್ ಕಾರು ಕಂಪನಿ ಆಗಿದ್ದು.

ಈಗಿನ ಫೋರ್ಡ್ ಮೋಟರ್ ಕಂಪನಿ ಜೂನ್ 1903, ಅದಕ್ಕೆ ಬೇರೆ ಗೆರೆ ಎಳೀರಿ. ಎರಡನೇದರಲ್ಲಿ, ಅಂದ್ರೆ ಹೆನ್ರಿ ಫೋರ್ಡ್ ಕಂಪನಿಲಿ, ಹಳೇ ಹೂಡಿಕೆದಾರರೂ ಇದ್ರಿಂದ ಕೆಲವರು ಅದನ್ನ ಮೊದಲನೇದರ ಮುಂದುವರಿಕೆ ಅಂತಾರೆ, ನಾನಾದ್ರೆ ಅವೆರಡರ ಮಧ್ಯೆ ಚುಕ್ಕಿ ಗೆರೆ ಹಾಕ್ತೀನಿ.